ನಟರಾಜನ ಕೋಡ್ ಎಲ್ಲೈತಿ?

ಬಾಗಲಕೋಟೆಯಿಂದ ರಜೆಗೆಂದು ಇಳಕಲ್ಲಿಗೆ ಬಂದ ಮೊಮ್ಮಗಳು ತನ್ನ ಚಿತ್ರಪುಸ್ತಕದ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದಳು. ಪರದೆಯಲ್ಲಿ ನೋಡಿದರೆ ನನ್ನ ಮಂಚದ ಮೇಲೆ ಆನೆ! ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಅಂಗಡಿಯಲ್ಲಿ ಹಣ ಕೊಡುವ ಕೋಡಷ್ಟೇ ಗೊತ್ತಿತ್ತು. ಜಪಾನಿನಲ್ಲಿ 1994ರಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕಕ್ಕೆಂದು ಹುಟ್ಟಿದ ಗುರುತು ಇದು. ಮೂರು ಮೂಲೆಯ ಚೌಕಗಳು ಕ್ಯಾಮೆರಾಗೆ ದಿಕ್ಕು ತೋರಿಸುತ್ತವೆ. ಒಳಗಿನ ಚುಕ್ಕೆಗಳಲ್ಲಿ ಅಂತರ್ಜಾಲದ ವಿಳಾಸವಿರುತ್ತದೆ. ಅಲ್ಲಿಂದ ಬಂದ ಚಿತ್ರವನ್ನು ಮೊಬೈಲು ನಮ್ಮೆದುರಿನ ಜಾಗದ ಮೇಲೆ ಕೂರಿಸಿ ತೋರಿಸುತ್ತದೆ.

ಮರುದಿನ ಹುನಗುಂದ, ಅಮೀನಗಡ ದಾಟಿ ಬಾದಾಮಿಗೆ ಹೋದೆವು. 6ನೇ ಶತಮಾನದ ಮೊದಲ ಗುಹೆಯ ನಟರಾಜನ ಮುಂದೆ ಅವಳು ಗೋಡೆಯನ್ನೆಲ್ಲ ಹುಡುಕಿದಳು.

"ಅಜ್ಜಾ, ಇದರ ಕೋಡ್ ಎಲ್ಲೈತಿ? ಕುಣಿಸಿ ನೋಡಬೇಕು."

ಕೋಡ್ ಇಲ್ಲವೆಂದು ಕಲ್ಲನ್ನೇ ನೋಡದೆ ಇಳಿದುಬಿಟ್ಟರೆ ಎಂದು ನನಗೆ ಕಸಿವಿಸಿ.

"ಮೊದ್ಲ ಕೈ ಎಣಸವಾ."

"ಹದಿನೆಂಟು!"

"ಎಡಕ್ಕೊಂದು, ಬಲಕ್ಕೊಂದು ಕೈ ಅಷ್ಟ ನೋಡು. ಉಳಿದವು ಇಲ್ಲ ಅನ್ಕೋ. ಈಗ ಬ್ಯಾರೆ ಜೋಡಿ."

ನಟರಾಜ ಭಂಗಿ ಬದಲಿಸಿದ! ಎಡಕ್ಕೆ 9, ಬಲಕ್ಕೆ 9. ಗುಣಿಸಿದರೆ 81 ಭಂಗಿ. ಅವಳು ಮೊಬೈಲನ್ನು ನನ್ನ ಕೈಗಿತ್ತು, ಒಂದೊಂದೇ ಭಂಗಿಯನ್ನು ತಾನೇ ಮಾಡತೊಡಗಿದಳು.

ನೀವು ಹೋದಾಗ ಎಲ್ಲವನ್ನೂ ಎಣಿಸಿ ನೋಡಿ. ನಮಗೆ 23ರ ಹೊತ್ತಿಗೆ ಬಸ್ಸಿನ ಸಮಯವಾಯಿತು.