ಬಿಸಿಯಾದ ಮೇಲೆ ಬರುವ ಕೆಮ್ಮು

ವೈದ್ಯರ ಎದುರಿನಲ್ಲಿ ಕಾಣಿಸಿಕೊಳ್ಳದ ಕಾಯಿಲೆಯಷ್ಟು ಮಾನ ಕಳೆಯುವುದು ಬೇರೊಂದಿಲ್ಲ. ರಾತ್ರಿಯೆಲ್ಲ ಕೆಮ್ಮಿದ ಮಗು ದವಾಖಾನೆಯ ಬೆಂಚಿನ ಮೇಲೆ ಕುಳಿತೊಡನೆ ಗಿಣಿಯಂತೆ ಮಾತನಾಡತೊಡಗುತ್ತದೆ. ತಾಯಿ ಹೇಳಿದ್ದೆಲ್ಲ ಸುಳ್ಳೆಂಬಂತಾಗುತ್ತದೆ. ಹಳೆಯ ಮೋಟಾರು ಕಾರುಗಳಿಗೂ ಈ ಗುಣ ಉಂಟು. ಮಾಕಳಿಯ ಒಂದು ಮನೆಯಂಗಳದಲ್ಲಿ ಹೊಂಗೆಯ ನೆರಳಿಗೆ ನಿಂತಿದ್ದ 1976ರ ಪ್ರೀಮಿಯರ್ ಪದ್ಮಿನಿ ಬೆಳಗಿನ ಹೊತ್ತು ಕೀಲಿ ತಿರುಗಿಸಿದರೆ ಒಂದೇ ಕರೆಗೆ ಎದ್ದು ಸಣ್ಣಗೆ ಗುನುಗುತ್ತಿತ್ತು. ಎಂಟು ಹತ್ತು ಕಿಲೋಮೀಟರು ಓಡಿ ಮೈ ಬಿಸಿಯಾಯಿತೆಂದರೆ ಮುಗಿಯಿತು. ಕೆಮ್ಮು, ಜಗ್ಗಾಟ, ಕೊನೆಗೆ ಮೌನ. ಮೆಕ್ಯಾನಿಕ್ಕು ಬರುವ ವೇಳೆಗೆ ತಣ್ಣಗಾಗಿ ಮತ್ತೆ ಗುನುಗು!

ಪದ್ಮಿನಿ ಎಂದೊಡನೆ ಕಾವ್ಯ ಓದಿದವರಿಗೆ ನಾಯಿಕೆಯರ ನಾಲ್ಕು ಜಾತಿಗಳಲ್ಲಿ ಮೊದಲನೆಯದು ನೆನಪಾದೀತು. ಹೆಸರಿಟ್ಟವರ ಮನಸ್ಸಿನಲ್ಲಿದ್ದವಳು ಚಿತ್ತೋಡದ ರಾಣಿ. ಇಟಲಿಯ ಫಿಯಟ್ 1100 ಎಂಬ ಕಾರೇ ಮುಂಬಯಿಯ ಕುರ್ಲಾದಲ್ಲಿ 1974ರಿಂದ ಈ ಹೆಸರು ಹೊತ್ತಿತು. 1089 ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರಿನ ಇಂಜಿನು, ಸ್ಟಿಯರಿಂಗಿನ ಮಗ್ಗುಲಿಗೇ ಗೇರಿನ ಹಿಡಿ. ಮನೆಯ ಯಜಮಾನರು ಅದನ್ನು ಯಾರಿಂದಲೋ ಕೊಂಡದ್ದು ಮಗ ಹುಟ್ಟಿದ ವರ್ಷ. ಪೀಣ್ಯದ ಕಾರ್ಖಾನೆಯೊಂದರ ಪ್ರೆಸ್ಸುಗಳ ನಡುವೆ ದುಡಿದ ಅವರು ಕಾರಿನ ರೋಗವನ್ನು ಬಾನೆಟ್ಟು ತೆರೆಯದೆಯೇ ಹೇಳಬಲ್ಲವರೆಂದು ಬೀದಿಯಲ್ಲಿ ಹೆಸರಾಗಿದ್ದರು. ಕಿವಿಯೊಂದೇ ಸಾಕಾಗಿತ್ತು. ಆದರೆ ತಗಡು ಬಡಿಯುವ ಯಂತ್ರಗಳು ಸಂಬಳದ ಜೊತೆಗೆ ಕಿವುಡನ್ನೂ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವಾಗಿ ಕೊಡುತ್ತ ಬರುತ್ತವೆ. ನಿವೃತ್ತಿಯ ವೇಳೆಗೆ ಲೆಕ್ಕ ಚುಕ್ತವಾಗಿರುತ್ತದೆ. ಕಿವಿಗೆ ಇಟ್ಟುಕೊಳ್ಳುವ ಯಂತ್ರ ಬಂದಿತು ನಿಜ. ಅದು ಒಗ್ಗರಣೆಯ ಸದ್ದನ್ನೂ ಇಂಜಿನ್ನಿನ ಸದ್ದನ್ನೂ ಒಂದೇ ಸಮ ದೊಡ್ಡದು ಮಾಡಿ ಬಡಿಸುತ್ತಿತ್ತು. ನಾಲ್ಕರಲ್ಲಿ ಯಾವುದು ತಪ್ಪಿತೆಂದು ಹೇಳುವ ಸೂಕ್ಷ್ಮ ಹೋಗಿಬಿಟ್ಟಿತ್ತು. ಅದನ್ನವರು ಯಾರಿಗೂ ಹೇಳಿರಲಿಲ್ಲ. ‘ಇಂಜಿನು ಸರಿಯಾಗಿಯೇ ಇದೆ’ ಎಂದೇ ಸಾಧಿಸುತ್ತಿದ್ದರು.

ಒಂದು ಸಂಜೆ ಕಾರು ತುಮಕೂರು ರಸ್ತೆಯ ಮೇಲ್ಸೇತುವೆಯ ನಡುಮಧ್ಯದಲ್ಲಿ ನಿಂತಿತು. ಅಲ್ಲಿ ಪಕ್ಕಕ್ಕೆ ಸರಿಯಲು ಎಡೆಯಿಲ್ಲ. ಹಿಂದಿನಿಂದ ಬಂದ ಲಾರಿಯೊಂದು ಬ್ರೇಕು ಕಿರುಚಿಸಿಕೊಂಡು ನಾಲ್ಕು ಮೊಳದ ಅಂತರದಲ್ಲಿ ನಿಂತಾಗ, ಹಿಂದಿನ ಸೀಟಿನಲ್ಲಿ ಮೊಮ್ಮಗಳಿದ್ದಳು. ಆ ರಾತ್ರಿ ಮಗ ಏರುದನಿಯಲ್ಲೇನೂ ಮಾತನಾಡಲಿಲ್ಲ. ‘ಅಪ್ಪಾ, ಇನ್ನೊಂದು ಸಲ ನಿಂತರೆ ಗುಜರಿಗೆ’ ಎಂದಷ್ಟೇ ಹೇಳಿದನು. ಅವನ ಮಾತಿನಲ್ಲಿ ಅನ್ಯಾಯವಿರಲಿಲ್ಲ. ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ಹೊಸತು ಮಾಡಿಸಬೇಕು. ಪೇಟೆಗೆ ಹೋಗಲು ಕಾರೇ ಬೇಕೆಂಬ ವಾದವನ್ನು 2024ರ ನವೆಂಬರಿನಲ್ಲಿ ಮಾದಾವರದವರೆಗೆ ಬಂದ ಮೆಟ್ರೋ ರೈಲು ಮುರಿದುಹಾಕಿತ್ತು.

ಬೀದಿಯ ಸಲಹೆಗಾರರೆಲ್ಲ ಕಾರ್ಬುರೇಟರಿನ ಕಡೆಗೇ ಬೆರಳು ತೋರಿಸಿದರು. ಪಾಪ, ಕಾರ್ಬುರೇಟರು ಹಳೆಯ ಕಾರಿನ ಮನೆಯಲ್ಲಿ ಸೊಸೆಯಿದ್ದಂತೆ. ಏನು ಕೆಟ್ಟರೂ ಮೊದಲ ಬೈಗುಳ ಅದಕ್ಕೆ. ಎರಡು ಸಲ ಬಿಚ್ಚಿ ತೊಳೆದದ್ದಾಯಿತು. ಕೆಮ್ಮು ಹೋಗಲಿಲ್ಲ.

ಆಗ ಪಿ.ಯು.ಸಿ. ಓದುತ್ತಿದ್ದ ಮೊಮ್ಮಗಳು ತಾತನ ಬಳಿ ಒಂದು ಒಪ್ಪಂದ ಮಾಡಿಕೊಂಡಳು. ಇಂಜಿನು ಓಡುವಾಗ ಅವಳು ಹಿಂದೆ ನಿಂತು ಅವರ ಹೆಗಲ ಮೇಲೆ ಕೈಯಿಡುವುದು. ಸದ್ದು ತಪ್ಪಿದಾಗಲೆಲ್ಲ ಒಮ್ಮೆ ತಟ್ಟುವುದು. ಕಿವಿ ಅವಳದು, ತಲೆ ಅವರದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿನಗೆ ಯಾರು ಹೇಳಿದರು?’ ಎಂದು ಕೇಳಿದರು. ಯಾರೂ ಹೇಳಿರಲಿಲ್ಲ.

ಇಂಜಿನ್ನನ್ನು ಅರ್ಧ ಗಂಟೆ ಓಡಿಸಿ ಬಿಸಿ ಮಾಡಿದರು. ಕೆಮ್ಮು ಬಂದೊಡನೆ ರಬ್ಬರಿನ ಹಿಡಿಯ ಇಕ್ಕಳದಿಂದ ಒಂದೊಂದೇ ಪ್ಲಗ್ಗಿನ ತಂತಿಯನ್ನು ಕಿತ್ತು ಮತ್ತೆ ಸಿಕ್ಕಿಸಿದರು. ಕಿತ್ತಾಗ ಸದ್ದು ಬದಲಾಗದಿದ್ದರೆ ಆ ಸಿಲಿಂಡರು ಮೊದಲೇ ಸತ್ತಿತ್ತೆಂದು ಅರ್ಥ. ನಾಲ್ಕರಲ್ಲಿಯೂ ಸದ್ದು ಒಂದೇ ಸಮ ಕುಂದಿತು. ಅಂದಮೇಲೆ ಕಳ್ಳ ನಾಲ್ಕು ಕೋಣೆಗಳಲ್ಲಿ ಒಂದರಲ್ಲಿಲ್ಲ. ನಾಲ್ಕಕ್ಕೂ ಹೋಗುವ ನಡುಮನೆಯಲ್ಲಿದ್ದಾನೆ.

ಆ ನಡುಮನೆಯ ವಿಚಾರ ತಿಳಿಯಬೇಕಾದದ್ದು. ಬ್ಯಾಟರಿಯಲ್ಲಿರುವುದು ಹನ್ನೆರಡು ವೋಲ್ಟು. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲು ಸಾವಿರಾರು ವೋಲ್ಟು ಬೇಕು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ಬಳಕೆಗೆ ತಂದ ಉಪಾಯ ಸರಳವಾದದ್ದು. ಕಾಯಿಲಿನಲ್ಲಿ ಹರಿಯುವ ವಿದ್ಯುತ್ತನ್ನು ಪಾಯಿಂಟುಗಳೆಂಬ ಎರಡು ಪುಟ್ಟ ಲೋಹದ ತುಟಿಗಳು ತಟಕ್ಕನೆ ಕಡಿಯುತ್ತವೆ. ಕಡಿದ ಕ್ಷಣದಲ್ಲಿ ಕಾಯಿಲಿನ ಒಳಸುತ್ತಿನಲ್ಲಿ ಆ ಸಾವಿರಗಳು ಹುಟ್ಟುತ್ತವೆ. ಇಂಜಿನು ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವಾಗ ಇದು ಸೆಕೆಂಡಿಗೆ ನೂರು ಸಲ ನಡೆಯಬೇಕು. ತುಟಿಗಳ ನಡುವೆ ಬಿಡುವ ಸಂದು ಅರ್ಧ ಮಿಲಿಮೀಟರಿಗೂ ಕಡಿಮೆ. ಅಲ್ಲಿಯೇ ಕಿಡಿ ಹಾರಿ ಶಕ್ತಿ ಪೋಲಾಗದಂತೆ, ಕಡಿತ ಥಟ್ಟನೆ ಆಗುವಂತೆ ನೋಡಿಕೊಳ್ಳುವುದು ಹೆಬ್ಬೆರಳಿನ ಗಾತ್ರದ ಒಂದು ತಗಡಿನ ಡಬ್ಬಿ. ಮೆಕ್ಯಾನಿಕ್ಕುಗಳ ಭಾಷೆಯಲ್ಲಿ ಅದು ಕಂಡೆನ್ಸರು. ಮೊಮ್ಮಗಳ ಭೌತಶಾಸ್ತ್ರದ ಪುಸ್ತಕದಲ್ಲಿ ಕೆಪಾಸಿಟರ್.

ತಂತಿಗಳಿಂದ ಕಿಡಿ ಸೋರುತ್ತಿದೆಯೇ ಎಂಬುದನ್ನು ಕತ್ತಲೆಯಲ್ಲಿ ನೋಡಬೇಕು. ಮಾಕಳಿಯಲ್ಲೀಗ ಕತ್ತಲೆಯೇ ದುರ್ಲಭ. ಹೆದ್ದಾರಿಯ ದೀಪ, ಗೋದಾಮುಗಳ ದೀಪ, ಅಕ್ಕಪಕ್ಕದ ಮಹಡಿಗಳ ದೀಪ. ಮೂರು ದಿನ ಕಾದ ಮೇಲೆ ಒಂದು ರಾತ್ರಿ ಕರೆಂಟು ಹೋಯಿತು. ಬೀದಿಯೆಲ್ಲ ಶಪಿಸುತ್ತಿರುವಾಗ ತಾತ ಮೊಮ್ಮಗಳಿಬ್ಬರೂ ಸಂಭ್ರಮದಿಂದ ಅಂಗಳಕ್ಕೆ ಓಡಿದರು. ಮೂರನೆಯ ತಂತಿಯ ಬುಡದಲ್ಲಿ ತೆಳ್ಳನೆಯ ನೀಲಿ ಎಳೆಯೊಂದು ಮಿಣುಕುತ್ತಿತ್ತು. ಸಿಕ್ಕಿತು! ಮರುದಿನ ಹೊಸ ತಂತಿ, ಮನೆಯಲ್ಲಿ ಪಾಯಸ. ಅದರ ಮರುದಿನ ನೆಲಮಂಗಲದ ದಾರಿಯಲ್ಲಿ ಮತ್ತೆ ಅದೇ ಜಗ್ಗಾಟ. ತಾತ ಹೇಗೋ ಮನೆ ಮುಟ್ಟಿಸಿದರು; ಕಾರು ಪೂರ್ತಿ ನಿಂತಿರಲಿಲ್ಲವಾದ್ದರಿಂದ ಮಗನಿಗೆ ಹೇಳಲಿಲ್ಲ. ಕಾರಿನಲ್ಲಿ ಒಂದೇ ತಪ್ಪು ಇರಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಆ ರಾತ್ರಿ ಮೊಮ್ಮಗಳು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದಳು: ‘ಇದು ಶುರುವಾದದ್ದು ಎಂದಿನಿಂದ?’ ಉತ್ತರ ಬಂದದ್ದು ಅಡಿಗೆಮನೆಯಿಂದ. ಆಯುಧಪೂಜೆಗೆಂದು ಕಾರನ್ನು ಸರ್ವೀಸಿಗೆ ಕೊಟ್ಟು ತಂದರಲ್ಲ, ಆಮೇಲಿನಿಂದ. ಹೂವಿನಲ್ಲಿ ಅಷ್ಟು ಚೆನ್ನಾಗಿ ಕಂಡದ್ದಕ್ಕೆ ಯಾರದೋ ದೃಷ್ಟಿ ತಗುಲಿತೆಂದು ಅಜ್ಜಿ ಆಗಲೇ ನಿಂಬೆಹಣ್ಣು ನಿವಾಳಿಸಿದ್ದರು. ಆ ಸರ್ವೀಸಿನಲ್ಲಿ ವಾಡಿಕೆಯಂತೆ ಪಾಯಿಂಟುಗಳನ್ನೂ ಕಂಡೆನ್ಸರನ್ನೂ ಹೊಸದಾಗಿ ಹಾಕಿದ್ದರು. ಹೊಸದೆಂಬ ಒಂದೇ ಕಾರಣಕ್ಕೆ ಅವನ್ನು ಯಾರೂ ಸಂಶಯಿಸಿರಲಿಲ್ಲ.

ಬಿಸಿ ಇಂಜಿನ್ನಿನಲ್ಲಿ ಕಾಯಿಲಿನ ತಂತಿಯನ್ನು ಲೋಹದ ಬಳಿ ಹಿಡಿದು ನೋಡಿದರೆ, ಬೆಳಿಗ್ಗೆ ದಪ್ಪನಾಗಿ ನೀಲಿಯಾಗಿದ್ದ ಕಿಡಿ ಈಗ ಹಳದಿಯಾಗಿ ಸಣಕಲಾಗಿತ್ತು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಸ್ಟಾರ್ಟರನ್ನು ತಿರುಗಿಸಿದರು. ಹಾರಬಾರದ ಕಡೆಯಲ್ಲಿ ಬೆಂಕಿ ಚಟಚಟನೆ ಹಾರುತ್ತಿತ್ತು! ತಿಂಗಳೊಪ್ಪತ್ತಿನ ಪಾಯಿಂಟುಗಳು ಕರಕಲಾಗಿದ್ದವು. ಕಾಯಿಲು ಕೆಟ್ಟಿದ್ದರೆ ಕಿಡಿ ಸಣ್ಣದಾಗುತ್ತಿತ್ತೇ ಹೊರತು ಪಾಯಿಂಟು ಹೀಗೆ ಸುಡುತ್ತಿರಲಿಲ್ಲ. ಕಂಡೆನ್ಸರು ತಣ್ಣಗಿರುವಾಗ ದುಡಿದು, ಬಿಸಿಯಾದೊಡನೆ ಕೈಬಿಡುತ್ತಿತ್ತು.

ಯಜಮಾನರು ಒಂದು ಮೊಳೆಯನ್ನೂ ಎಸೆಯುವವರಲ್ಲ. ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ ಆಡುಗೋಡಿಯ ಮೈಕೋ ಪ್ಲಗ್ಗುಗಳ ಮಾಸಿದ ಡಬ್ಬಿಗಳಿದ್ದವು. 1951ರಲ್ಲಿ ಹುಟ್ಟಿದ ಆ ಸಂಸ್ಥೆ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಬೆಂಗಳೂರಿನ ಹಿರಿಯರಿಗೆ ಪ್ಲಗ್ಗೆಂದರೆ ಇಂದಿಗೂ ಮೈಕೋ. ಅದರಲ್ಲೊಂದು ಡಬ್ಬಿಯೊಳಗೆ, ಸರ್ವೀಸಿನವರಿಂದ ಕೇಳಿ ಪಡೆದುಕೊಂಡಿದ್ದ ಹಳೆಯ ಕಂಡೆನ್ಸರು ಕಾಗದದಲ್ಲಿ ಸುತ್ತಿಕೊಂಡು ಮಲಗಿತ್ತು. ಪಾಯಿಂಟುಗಳನ್ನು ಉಜ್ಜಿ, ಸಂದು ಅಳೆದು, ಹಳೆಯದನ್ನೇ ತಿರುಗಿ ಕೂಡಿಸಿದರು. ಸ್ಕ್ರೂ ಬಿಗಿಯುವಾಗ ಅವರ ಬೆರಳುಗಳು ಸ್ವಲ್ಪ ನಡುಗುತ್ತಿದ್ದವು.

ಭಾನುವಾರ ಕಾರು ನಡೆಸಲು ಕುಳಿತವನು ಮಗ. ನೆಲಮಂಗಲಕ್ಕೆ ಹೋಗಿ ಹಿಂತಿರುಗಿ, ಇಂಜಿನು ಚೆನ್ನಾಗಿ ಕಾದ ಮೇಲೆ ಅವನು ಮಾಕಳಿಯಲ್ಲಿ ನಿಲ್ಲಿಸದೆ ನೇರವಾಗಿ ಮೇಲ್ಸೇತುವೆಯನ್ನೇ ಹತ್ತಿಸಿದನು. ತಾತ ಪಕ್ಕದಲ್ಲಿ ಕುಳಿತು ಕಿವಿಯ ಯಂತ್ರವನ್ನು ತೆಗೆದು ಜೇಬಿಗಿಳಿಸಿದರು. ಹಿಂದಿನ ಸೀಟಿನಿಂದ ಮೊಮ್ಮಗಳ ಕೈ ಅವರ ಹೆಗಲ ಮೇಲೆ ಬಂದಿತು. ಲಾರಿ ನಿಂತ ಜಾಗ ಬಂದಿತು, ಹಿಂದೆ ಸರಿಯಿತು. ಸೇತುವೆ ಇಳಿದು ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಕಾರು ಗುನುಗುತ್ತ ನಿಂತಾಗಲೂ ಕೈ ಅಲ್ಲಿಯೇ ಇತ್ತು, ಒಮ್ಮೆಯೂ ತಟ್ಟಿರಲಿಲ್ಲ.