ನನ್ನ ಕಾಲಾನಂತರ ಇವನಿಗೆ ಯಾರು?

ಧರ್ಮಕೇಂದ್ರದ ಕಚೇರಿಯಲ್ಲಿ ಕುಟುಂಬಗಳ ದಾಖಲೆಗೆಂದು ಒಂದು ದಪ್ಪ ಪುಸ್ತಕವಿರುವುದನ್ನು ತಾವೆಲ್ಲರೂ ಬಲ್ಲಿರಿ. ಮನೆಗೊಂದು ಪುಟ. ಮೇಲೆ ಯಜಮಾನನ ಹೆಸರು, ಕೆಳಗೆ ಪತ್ನಿಯದು, ಅನಂತರ ಮಕ್ಕಳ ಹೆಸರುಗಳು ಮತ್ತು ದೀಕ್ಷಾಸ್ನಾನದ ದಿನಾಂಕಗಳು. ಮದುವೆಯಾಗಿ ಹೋದವರ ಮುಂದೆ ಸೇರಿದ ಊರಿನ ಹೆಸರು, ತೀರಿಕೊಂಡವರ ಮುಂದೆ ಪುಟ್ಟದೊಂದು ಶಿಲುಬೆ. ಇದೇ ಬಗೆಯ ಇನ್ನೊಂದು ಪುಸ್ತಕ ನಮ್ಮ ಹಳ್ಳಿಗಳ ಆರೋಗ್ಯ ಉಪಕೇಂದ್ರದ ನರ್ಸಮ್ಮನ ಚೀಲದಲ್ಲಿಯೂ ಇರುತ್ತದೆ. ಅದರಲ್ಲಿ ಜಾತಿ ಮತಗಳ ಭೇದವಿಲ್ಲದೆ ಎಲ್ಲ ಮನೆಗಳೂ ಇವೆ. ಬಾವಿ ಇದೆಯೇ, ಶೌಚಾಲಯವಿದೆಯೇ, ಗರ್ಭಿಣಿಯರು ಎಷ್ಟು ಮಂದಿ, ಐದು ವರ್ಷದೊಳಗಿನ ಮಕ್ಕಳು ಎಷ್ಟು, ರಕ್ತದೊತ್ತಡದ ಮಾತ್ರೆ ನುಂಗುವವರು ಯಾರು ಎಂಬ ವಿವರಗಳಿವೆ. ಆ ಪುಸ್ತಕವು ನಮ್ಮದಕ್ಕಿಂತ ಎರಡು ಹೆಜ್ಜೆ ಹೆಚ್ಚು ಮನೆಯೊಳಗೆ ಹೋಗಿದೆ ಎಂಬುದು ನನ್ನ ಅನಿಸಿಕೆ.

ಕೆಲವು ವರ್ಷಗಳ ಹಿಂದೆ ಶುಶ್ರೂಷಾ ವಿದ್ಯಾರ್ಥಿನಿಯರಿಗೆ ಕುಟುಂಬದ ಕುರಿತು ಒಂದೆರಡು ತರಗತಿಗಳನ್ನು ತೆಗೆದುಕೊಳ್ಳುವಂತೆ ನನಗೆ ಕರೆ ಬಂದಿತ್ತು. ಸಿದ್ಧತೆಗಾಗಿ ಅವರ ಸಮುದಾಯ ಆರೋಗ್ಯದ ಪಠ್ಯಪುಸ್ತಕವನ್ನು ತರಿಸಿಕೊಂಡು ಓದಿದೆ. ನಾವು ಗುರುಮಠದಲ್ಲಿ ಕುಟುಂಬವನ್ನು ವಿವಾಹ ಸಂಸ್ಕಾರದ ಪಾಠದಿಂದ ಆರಂಭಿಸಿ ಕಲಿತವರು. ಅವರ ಪುಸ್ತಕ ಅಡುಗೆಮನೆಯಿಂದ ಆರಂಭಿಸುತ್ತದೆ. ಗಂಡ, ಹೆಂಡತಿ, ಮಕ್ಕಳು ಮಾತ್ರ ಇರುವುದು ವಿಭಕ್ತ ಕುಟುಂಬ; ಅಣ್ಣತಮ್ಮಂದಿರು ಸಂಸಾರ ಸಮೇತ ಕೂಡಿ ಬಾಳುವುದು ಅವಿಭಕ್ತ ಕುಟುಂಬ; ಅಜ್ಜ ಅಜ್ಜಿಯರು ಜೊತೆಗಿದ್ದರೆ ಮೂರು ತಲೆಮಾರಿನ ಕುಟುಂಬ. ಇವು ವಿಧಗಳು. ಇನ್ನು ಹಂತಗಳು. ಮದುವೆಯಿಂದ ಮೊದಲ ಮಗುವಿನವರೆಗೆ ರಚನೆಯ ಹಂತ, ಕೊನೆಯ ಮಗು ಹುಟ್ಟುವವರೆಗೆ ವಿಸ್ತಾರ, ಮೊದಲ ಮಗ ಅಥವಾ ಮಗಳು ಮನೆ ಬಿಡುವವರೆಗೆ ಪೂರ್ಣ ವಿಸ್ತಾರ, ಕೊನೆಯವರೂ ಹೊರಡುವವರೆಗೆ ಸಂಕೋಚ, ಆ ಮೇಲೆ ದಂಪತಿಗಳಿಬ್ಬರೇ ಉಳಿಯುವ ಪೂರ್ಣ ಸಂಕೋಚ, ಒಬ್ಬರು ಅಗಲಿದ ಮೇಲೆ ವಿಸರ್ಜನೆ. ಅಮೆರಿಕದ ಎವೆಲಿನ್ ಡುವಾಲ್ ಎಂಬ ವಿದುಷಿ 1957ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ಎಂಟು ಹಂತಗಳಾಗಿ ವಿಂಗಡಿಸಿದ್ದಾರೆ. (ವಿಸರ್ಜನೆ ಎಂಬ ಪದವನ್ನು ಓದಿದಾಗ ನನಗೆ ಚೌತಿಯ ಗಣಪತಿ ನೆನಪಾದನೆಂದರೆ ಓದುಗರು ನಗಬಾರದು.)

ಈ ವಿಂಗಡಣೆ ನಿರರ್ಥಕವೆಂದು ನಾನು ಹೇಳುತ್ತಿಲ್ಲ. ಪ್ರತಿ ಹಂತಕ್ಕೂ ಅದರದೇ ಆದ ಕಾಯಿಲೆಗಳಿವೆ, ಭಯಗಳಿವೆ. ಚೊಚ್ಚಲ ಬಸುರಿಗೆ ಬೇಕಾದುದು ಬೇರೆ, ಮಕ್ಕಳೆಲ್ಲ ದುಬಾಯಿಗೋ ಬೆಂಗಳೂರಿಗೋ ಹೊರಟುಹೋದ ಮನೆಯ ವೃದ್ಧರಿಗೆ ಬೇಕಾದುದು ಬೇರೆ. ಮನೆಯ ಮೆಟ್ಟಿಲೇರುವ ಮೊದಲೇ ಅಲ್ಲಿ ಏನನ್ನು ವಿಚಾರಿಸಬೇಕೆಂದು ನರ್ಸಿಗೆ ತಿಳಿದಿರುವುದು ಒಳ್ಳೆಯದು. ಆದರೆ ಅವರೊಡನೆ ಮನೆಭೇಟಿಗೆಂದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಓಡಾಡಿದಾಗ ನಮ್ಮ ಮನೆಗಳು ಆ ಚೌಕಗಳೊಳಗೆ ಅಷ್ಟು ಸುಲಭವಾಗಿ ಕೂರುವುದಿಲ್ಲವೆಂಬುದು ಕಂಡುಬಂತು.

ಮೂಡುಬಿದಿರೆಯ ಸಮೀಪ ಒಂದು ಹಳೆಯ ಗುತ್ತಿನ ಮನೆ. ಯಜಮಾನರು ಯಾರು ಎಂದು ವಿದ್ಯಾರ್ಥಿನಿ ಕೇಳಿದಾಗ, ಅಲ್ಲಿದ್ದ ವೃದ್ಧೆ ತೀರಿಹೋದ ತನ್ನ ಗಂಡನ ಹೆಸರನ್ನೂ ಹೇಳಲಿಲ್ಲ, ಜೊತೆಯಲ್ಲಿರುವ ಮಗನ ಹೆಸರನ್ನೂ ಹೇಳಲಿಲ್ಲ; ಮುಂಬೈಯಲ್ಲಿರುವ ತನ್ನ ಅಣ್ಣನ ಹೆಸರನ್ನು ಹೇಳಿದರು! ಹುಡುಗಿ ಉತ್ತರ ಕರ್ನಾಟಕದವಳು, ತಬ್ಬಿಬ್ಬಾದಳು. ತುಳುನಾಡಿನ ಬಂಟರು, ಬಿಲ್ಲವರು, ಇಲ್ಲಿನ ಜೈನರು ತಲೆತಲಾಂತರದಿಂದ ಪಾಲಿಸಿಕೊಂಡು ಬಂದುದು ಅಳಿಯಸಂತಾನದ ಕಟ್ಟು. ವಂಶವನ್ನು ಎಣಿಸುವುದು ತಾಯಿಯ ಕಡೆಯಿಂದ. ಸೋದರಮಾವನ ನಂತರ ಅಧಿಕಾರ ಬರುವುದು ಅಳಿಯನಿಗೆ. ಹಿರಿಯಳಾದ ಹೆಂಗಸೇ ಯಜಮಾನಿಯಾಗುವುದೂ ಇತ್ತು. ಚೌಟ ಅರಸು ಮನೆತನದ ರಾಣಿ ಅಬ್ಬಕ್ಕ ಉಳ್ಳಾಲದ ಪಟ್ಟವೇರಿದ್ದು ಈ ಕಟ್ಟಿನ ಪ್ರಕಾರವೇ. ಅಂತಹ ಕೂಡುಕುಟುಂಬದಲ್ಲಿ ಯಾರೊಬ್ಬರೂ ತಮ್ಮ ಪಾಲನ್ನು ಕೇಳಿ ಪಡೆಯುವಂತಿರಲಿಲ್ಲ. ಆದರೆ ಅಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಅನ್ನ ಬಟ್ಟೆಯ ಹಕ್ಕಿತ್ತು. ಕುಂಟನಾಗಲಿ, ಬುದ್ಧಿ ಬೆಳೆಯದವನಾಗಲಿ, ಗಂಡನನ್ನು ಬಿಟ್ಟು ಬಂದವಳಾಗಲಿ, ಆ ಮನೆಯ ಒಂದು ಮೂಲೆ ಅವರದಾಗಿತ್ತು.

ದಕ್ಷಿಣ ಕನ್ನಡವು ಮದ್ರಾಸಿಗೆ ಸೇರಿದ್ದ ಕಾಲದಲ್ಲಿ, 1949ರ ಅಳಿಯಸಂತಾನ ಕಾಯಿದೆಯು ಕುಟುಂಬದ ಕವಲುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು. 1974ರ ಭೂಸುಧಾರಣೆಯಲ್ಲಿ ಗೇಣಿ ಒಕ್ಕಲುಗಳು ಡಿಕ್ಲರೇಶನ್ ಹಾಕಿ ಭೂಮಿಯ ಒಡೆಯರಾದರು. ನಮ್ಮ ಕ್ರೈಸ್ತ ಕುಟುಂಬಗಳಲ್ಲಿಯೂ ಆ ಡಿಕ್ಲರೇಶನ್ನಿನಿಂದಲೇ ತಲೆಯೆತ್ತಿ ನಿಂತವರು ಅನೇಕರು. ಅದು ನ್ಯಾಯವಾಗಿಯೇ ಆಯಿತು. ದೊಡ್ಡ ಮನೆಗಳು ಒಡೆದವು, ಚಿಕ್ಕ ಮನೆಗಳು ಎದ್ದವು. ಹಳೆಯದೆಲ್ಲ ಸ್ವರ್ಗವಾಗಿತ್ತೆಂದು ಹಾಡುವವನು ನಾನಲ್ಲ. ಆ ಮೂಲೆಯ ಕೋಣೆಗಳಲ್ಲಿ ಬೆಳಕನ್ನೇ ಕಾಣದೆ, ನೆಂಟರಿಷ್ಟರು ಬಂದಾಗ ಬಾಗಿಲು ಹಾಕಿಸಿಕೊಂಡು ಕಳೆದುಹೋದ ಜೀವಗಳೂ ಇದ್ದವು. ಆದರೂ ತಾಯಿ ಸತ್ತರೆ ಚಿಕ್ಕಮ್ಮ ಇರುತ್ತಿದ್ದಳು ಎಂಬುದೊಂದು ಸತ್ಯ.

ಬಂಟ್ವಾಳದ ಕಡೆ ಬನ್ನಿ. ಗಂಡ ಗಲ್ಫಿನಲ್ಲಿ, ಮನೆಯಲ್ಲಿ ಅತ್ತೆ, ಸೊಸೆ, ಇಬ್ಬರು ಮಕ್ಕಳು. ಅತ್ತೆ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಾರೆ. ಹೊಗೆಸೊಪ್ಪಿನ ಹುಡಿ ಹಾರುವಲ್ಲಿಯೇ ಮಗು ಮಲಗಿರುತ್ತದೆ. ಇದು ಯಾವ ವಿಧದ ಕುಟುಂಬ? ಒಂದೇ ಒಲೆಯ ಅನ್ನ ಉಣ್ಣುವವರೆಲ್ಲ ಒಂದು ಮನೆಯವರೆಂದು ನಮ್ಮ ಜನಗಣತಿ ಲೆಕ್ಕ ಹಾಕುತ್ತದೆ. ಹಾಗೆ ನೋಡಿದರೆ ತಿಂಗಳು ತಿಂಗಳು ಹಣ ಕಳುಹಿಸುವವನೇ ಲೆಕ್ಕದ ಹೊರಗೆ. ನನ್ನೊಡನಿದ್ದ ಅಧ್ಯಾಪಕಿ ವಿಧ, ಹಂತಗಳನ್ನೆಲ್ಲ ಬದಿಗಿರಿಸಿ, “ನಡುರಾತ್ರಿ ಮಗುವಿಗೆ ಜ್ವರ ಏರಿದರೆ ಆಸ್ಪತ್ರೆಗೆ ಕೊಂಡುಹೋಗುವ ಎಂದು ತೀರ್ಮಾನಿಸುವವರು ಯಾರು?” ಎಂದು ಕೇಳಿದರು. ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಮೊಬೈಲನ್ನು ತೋರಿಸಿದರು. ಇಡೀ ಪಾಠವೇ ಆ ಒಂದು ಪ್ರಶ್ನೆಯಲ್ಲಿದೆ ಎಂದು ನನಗೆ ಅಂದು ತೋರಿತು.

ಆದರೆ ನಾನು ಈ ಲೇಖನವನ್ನು ಬರೆಯತೊಡಗಿದ್ದು ಬೇರೊಂದು ಬಗೆಯ ಮನೆಯ ಸಲುವಾಗಿ.

ಬೆಳ್ತಂಗಡಿ ತಾಲೂಕಿನ ದಕ್ಷಿಣ ಭಾಗದಲ್ಲಿ ಕೊಕ್ಕಡ, ಪಟ್ರಮೆ, ನಿಡ್ಲೆ ಎಂಬ ಗ್ರಾಮಗಳಿವೆ. ಅಲ್ಲಿನ ಸರ್ಕಾರಿ ಗೇರು ತೋಟಗಳ ಮೇಲೆ 1980ರ ದಶಕದಿಂದ ಸುಮಾರು 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ಗಡಿಯಾಚೆ ಕಾಸರಗೋಡಿನಲ್ಲಿ ನಡೆದುದೂ ಇದೇ. ಹೆಲಿಕಾಪ್ಟರ್ ನೋಡಲೆಂದು ಮಕ್ಕಳು ಅಂಗಳಕ್ಕೆ ಓಡುತ್ತಿದ್ದರೆಂದು ಅಲ್ಲಿನ ಹಿರಿಯರು ಹೇಳುತ್ತಾರೆ. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಸರ್ಕಾರವು ಪೀಡಿತರನ್ನು ಗುರುತಿಸಿ ಮಾಸಾಶನ ನೀಡಿತು; ಕೊಕ್ಕಡದಲ್ಲಿ ಹಗಲು ಪಾಲನಾ ಕೇಂದ್ರವೂ ತೆರೆಯಿತು. ಪತ್ರಿಕೆಗಳಲ್ಲಿ ಬಂದ ಚಿತ್ರಗಳನ್ನು ತಾವು ನೋಡಿರಬಹುದು. ಆ ಚಿತ್ರಗಳಲ್ಲಿ ಅವರು ಮಕ್ಕಳು. ಈಗ ಅವರಿಗೆ ಮೂವತ್ತು, ನಲವತ್ತು ವರ್ಷ.

ಅಂತಹ ಒಂದು ಮನೆಗೆ ಹೋಗಿದ್ದೆವು. ಅರುವತ್ತು ದಾಟಿದ ತಾಯಿ. ಮೂವತ್ತಾರರ ಮಗ ಚಾಪೆಯ ಮೇಲೆ. ಮಾತಿಲ್ಲ, ನಡೆಯಲಾರ, ತುತ್ತು ಮಾಡಿ ಉಣಿಸಬೇಕು. ತಂದೆ ತೀರಿಹೋಗಿದ್ದಾರೆ. ಮಗಳು ಮದುವೆಯಾಗಿ ಸುಳ್ಯದ ಕಡೆ ಇದ್ದಾಳೆ. ವಿದ್ಯಾರ್ಥಿನಿ ನಮೂನೆ ತುಂಬುತ್ತಾ ಬಂದವಳು ಹಂತ ಎಂಬ ಅಂಕಣದಲ್ಲಿ ನಿಂತಳು. ಮೊದಲ ಮಗು ಮನೆ ಬಿಟ್ಟಿದೆ, ಆದುದರಿಂದ ಸಂಕೋಚ. ದಂಪತಿಗಳಲ್ಲಿ ಒಬ್ಬರಿಲ್ಲ, ಆದುದರಿಂದ ವಿಸರ್ಜನೆ. ಆದರೆ ತಾಯಿ ಮಾಡುತ್ತಿರುವುದೆಲ್ಲವೂ ಎಳೆಗೂಸಿನ ತಾಯಿ ಮಾಡುವ ಕೆಲಸ. ಅದೂ ಮೂವತ್ತಾರು ವರ್ಷಗಳಿಂದ. ಹಸುಗೂಸನ್ನು ಎತ್ತುವ ಕೈ ಬೇರೆ, ಐವತ್ತು ಕಿಲೋ ತೂಕದ ಗಂಡಸನ್ನು ಸ್ನಾನಕ್ಕೆ ಎಳೆದೊಯ್ಯುವ ಕೈ ಬೇರೆ. ಅಧ್ಯಾಪಕಿ, “ಹಂತ ಖಾಲಿ ಇರಲಿ. ಅಮ್ಮನ ಸೊಂಟ ನೋವು ಎಷ್ಟು ವರ್ಷದ್ದೆಂದು ಬರಿ. ರಾತ್ರಿ ಎಷ್ಟು ಸಲ ಏಳುತ್ತಾರೆಂದು ಬರಿ” ಎಂದರು. ಆ ತಾಯಿಯ ರಕ್ತದೊತ್ತಡವನ್ನು ಅಂದು ಪರೀಕ್ಷಿಸಿದಾಗ ಅದು ಬಹಳ ಹೆಚ್ಚಾಗಿತ್ತು. ಮನೆಗೆ ಬಂದವರೆಲ್ಲ ಇಷ್ಟು ವರ್ಷ ನೋಡಿದ್ದು ಮಗನನ್ನು.

ಹೊರಡುವಾಗ ಅವರು ತುಳುವಿನಲ್ಲಿ ನನ್ನನ್ನು ಕೇಳಿದರು: “ಫಾದರೇ, ಇವನು ನನಗಿಂತ ಒಂದು ದಿನ ಮೊದಲು ಹೋಗಲಿ ಎಂದು ಬೇಡಿಕೊಂಡರೆ ಪಾಪವೇ?”

ಗುರುಮಠದ ನೀತಿಶಾಸ್ತ್ರದ ಪಾಠಗಳು ನನ್ನ ನೆರವಿಗೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಪಾಪವಲ್ಲ ಅಮ್ಮ, ಎಂದೆ. ಆಕೆಯ ಪ್ರಶ್ನೆ ಪಾಪದ ಕುರಿತಾಗಿರದೆ, ನನ್ನ ಕಾಲಾನಂತರ ಇವನಿಗೆ ಯಾರು ಎಂಬುದಾಗಿತ್ತು. ಎಂಡೋಸಲ್ಫಾನಿನ ಮನೆಗಳಲ್ಲಿ ಮಾತ್ರವಲ್ಲ, ಬುದ್ಧಿಮಾಂದ್ಯ ಮಗುವಿರುವ ಯಾವ ಮನೆಯಲ್ಲಿಯೂ, ನಮ್ಮ ವಾರ್ಡುಗಳಲ್ಲಿರುವ ಅಂತಹ ಮನೆಗಳಲ್ಲಿಯೂ, ತಾಯಿತಂದೆಯರು ರಾತ್ರಿ ಕೇಳಿಕೊಳ್ಳುವ ಪ್ರಶ್ನೆ ಇದೇ. ಚಿಕ್ಕಮ್ಮ ಇರುತ್ತಿದ್ದ ಮನೆ ಈಗಿಲ್ಲ.

ಪ್ರಾರ್ಥನೆಯ ಜೊತೆಗೆ ಮಾಡಬಹುದಾದ ಒಂದು ಲೌಕಿಕ ಕಾರ್ಯವಿದೆ. ಅದನ್ನು ತಿಳಿಯದವರೇ ಹೆಚ್ಚಿರುವುದರಿಂದ ಇಲ್ಲಿ ಬರೆಯುತ್ತೇನೆ. ಮಕ್ಕಳಿಗೆ ಹದಿನೆಂಟು ತುಂಬಿದ ಮೇಲೆ ಕಾನೂನಿನ ಕಣ್ಣಿನಲ್ಲಿ ತಾಯಿತಂದೆಯರೂ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಪ್ರಕಾರ ಬುದ್ಧಿಮಾಂದ್ಯತೆ, ಮಿದುಳಿನ ಪಾರ್ಶ್ವವಾಯು, ಆಟಿಸಂ, ಬಹುವಿಧ ಅಂಗವಿಕಲತೆ ಇರುವವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಲು ಜಿಲ್ಲಾಧಿಕಾರಿಯವರು ಇರುವ ಸ್ಥಳೀಯ ಸಮಿತಿಗೆ ಅಧಿಕಾರವಿದೆ. ಹೆತ್ತವರು, ಬಂಧುಗಳು ಅಥವಾ ನೋಂದಾಯಿತ ಸಂಸ್ಥೆ ಅರ್ಜಿ ಹಾಕಬಹುದು. ಪೋಷಕರಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ ವರ್ಷಕ್ಕೊಮ್ಮೆ ಲೆಕ್ಕಪತ್ರವನ್ನೂ ಒಪ್ಪಿಸಬೇಕು. ಅಲಕ್ಷ್ಯ ತೋರಿದರೆ ಅವರನ್ನು ತೆಗೆದುಹಾಕುವ ದಾರಿಯೂ ಇದೆ. ತಾಯಿ ಬದುಕಿರುವಾಗಲೇ, ಆಕೆಯ ಇಷ್ಟವನ್ನು ಕೇಳಿಯೇ ಇದು ಆಗುವುದು ಲೇಸು. ಅಂತ್ಯಕ್ರಿಯೆಯ ದಿನ ಅಂಗಳದಲ್ಲಿ ನಿಂತು ಬಂಧುಗಳು ಈ ವಿಷಯವನ್ನು ಪಿಸುಗುಟ್ಟುವುದನ್ನು ನಾನು ಕೇಳಿದ್ದೇನೆ. ಅದಕ್ಕಿಂತ ಕಠಿಣವಾದ ಮಾತನ್ನು ಕೇಳಿದ ನೆನಪಿಲ್ಲ.

ಕಾಗದದಿಂದಲೇ ಎಲ್ಲವೂ ಆಗದು ಎಂಬುದೂ ನಿಜ. ಪೋಷಕರೆಂದು ಹೆಸರು ಬರೆಸುವುದು ಬೇರೆ, ರಾತ್ರಿ ಮೂರು ಸಲ ಎದ್ದು ಮಗ್ಗುಲು ಬದಲಿಸುವುದು ಬೇರೆ. ಪಾಲನಾ ಕೇಂದ್ರದ ಬಾಗಿಲು ಸಂಜೆಗೆ ಮುಚ್ಚುತ್ತದೆ. ಒಂದು ವಾರ ಮಗನನ್ನು ಯಾರಾದರೂ ನೋಡಿಕೊಂಡರೆ ತಾಯಿ ತನ್ನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದು. ಆ ಒಂದು ವಾರ ಸಿಗದೆ ಆಕೆ ನಾಲ್ಕು ವರ್ಷಗಳಿಂದ ಮಂಜುಮಂಜಾಗಿ ನೋಡುತ್ತಿದ್ದಳು. ಈ ವಿಷಯವೂ ಯಾವ ಪುಸ್ತಕದಲ್ಲಿಯೂ ದಾಖಲಾಗಿರಲಿಲ್ಲ.

ಕೊಕ್ಕಡದ ಕಡೆಯ ಆ ಮನೆಗೆ ಕಳೆದ ವರ್ಷ ಪುನಃ ಹೋಗುವ ಸಂದರ್ಭ ಬಂತು. ಆಶಾ ಕಾರ್ಯಕರ್ತೆ ಓಡಾಡಿ ಅರ್ಜಿಯನ್ನು ಸಿದ್ಧಪಡಿಸಿದ್ದರು. ಪೋಷಕಿಯಾಗಲು ಒಪ್ಪಿ ಬಂದವಳು ಆ ತಾಯಿಯ ತಂಗಿಯ ಮಗಳು, ಇಪ್ಪತ್ತೆಂಟರ ಹುಡುಗಿ, ಪುತ್ತೂರಿನಲ್ಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ. ಅರ್ಜಿಯನ್ನು ಎರಡು ಸಲ ಓದಿ, ಸಹಿ ಹಾಕುವ ಮೊದಲು ಆಕೆ ದೊಡ್ಡಮ್ಮನ ಕಡೆ ತಿರುಗಿ, “ಮದುವೆ ಮಾತು ಬಂದರೆ ಮೊದಲ ದಿನವೇ ಇವನ ವಿಷಯ ಹೇಳಿಬಿಡುತ್ತೇನೆ. ಒಪ್ಪುವವರು ಬರಲಿ” ಎಂದಳು. ದೊಡ್ಡಮ್ಮ ಏನೂ ಹೇಳದೆ ಒಳಗೆ ಹೋಗಿ ಎಲ್ಲರಿಗೂ ಚಾ ತಂದರು.