ಹಸಿರು ಕೋಲು ಹೂತ ನೆಲ

ಮಾಸ್ಕೋದಿಂದ ದಕ್ಷಿಣಕ್ಕೆ ಸುಮಾರು 200 ಕಿ.ಮೀ. ದೂರದಲ್ಲಿ, ತೂಲಾ ನಗರದ ಸಮೀಪ, ಲಿಯೋ ಟಾಲ್‌ಸ್ಟಾಯ್ ಜನಿಸಿದ ಯಾಸ್ನಾಯ ಪೋಲ್ಯಾನವಿದೆ. ಹೆಬ್ಬಾಗಿಲಿನ ಎರಡು ಬಿಳಿಯ ಗೋಪುರಗಳನ್ನು ದಾಟಿದರೆ ಒಂದು ದೊಡ್ಡ ಕೊಳ, ಮುಂದೆ ಬರ್ಚ್ ಮರಗಳ ಸಾಲುದಾರಿ. ‘ಯುದ್ಧ ಮತ್ತು ಶಾಂತಿ’ ರಚಿತವಾದ ಈ ನೆಲೆಯಲ್ಲಿ ಲೇಖಕನ ಮನೆ 1921ರಿಂದ ವಸ್ತುಸಂಗ್ರಹಾಲಯವಾಗಿದೆ. ಮನೆಯನ್ನು ನೋಡಿದ ಯಾತ್ರಿಕನು ಅಲ್ಲಿಂದ ಹಳೆಯ ಕಾಡಿನೊಳಗೆ ನಡೆಯುತ್ತಾನೆ. ಅಲ್ಲಿ ಮೌನ ಪಾಲಿಸಬೇಕೆಂಬ ಸೂಚನೆಯಿದೆ. ದಾರಿಯ ಕೊನೆಗೆ, ಕೊರಕಲೊಂದರ ಅಂಚಿನಲ್ಲಿ, ಹುಲ್ಲು ಬೆಳೆದ ನೀಳವಾದ ಮಣ್ಣಿನ ದಿಬ್ಬ. ಶಿಲುಬೆಯಿಲ್ಲ, ಶಿಲೆಯಿಲ್ಲ, ಹೆಸರೂ ಇಲ್ಲ.

ಈ ಬರಿದುತನ ಟಾಲ್‌ಸ್ಟಾಯ್ ಅವರದೇ ಆಯ್ಕೆ. ಅಗ್ಗದ ಶವಪೆಟ್ಟಿಗೆ ಸಾಕು, ಹೂಮಾಲೆ, ಭಾಷಣಗಳು ಬೇಡ ಎಂದು ಅವರು 1895ರಲ್ಲಿಯೇ ದಿನಚರಿಯಲ್ಲಿ ಬರೆದಿಟ್ಟಿದ್ದರು. ಸ್ಥಳವನ್ನು ಆರಿಸಿದ್ದು ಮಾತ್ರ ಬಾಲ್ಯದ ನೆನಪು. ಅವರು ಐದು ವರ್ಷದವರಾಗಿದ್ದಾಗ ಹಿರಿಯಣ್ಣ ನಿಕೊಲಾಯ್ ತಮ್ಮಂದಿರಿಗೆ ಒಂದು ಗುಟ್ಟು ಹೇಳಿದ: ಮನುಷ್ಯರೆಲ್ಲ ರೋಗ, ಕಲಹಗಳಿಲ್ಲದೆ ಸುಖವಾಗಿ ಬಾಳುವ ರಹಸ್ಯವನ್ನು ಒಂದು ಹಸಿರು ಕೋಲಿನ ಮೇಲೆ ಬರೆದು ಇದೇ ಕೊರಕಲಿನ ಬಳಿ ಹೂಳಲಾಗಿದೆ. ಆಗ ಎಲ್ಲರೂ ‘ಇರುವೆ ಸಹೋದರ’ರಾಗುವರು. ಎಲ್ಲೋ ಕೇಳಿದ ಮೊರಾವಿಯನ್ ಸಹೋದರರೆಂಬ ಕ್ರೈಸ್ತ ಪಂಥದ ಹೆಸರು ಬಾಲಕನ ಬಾಯಲ್ಲಿ ಹಾಗಾಗಿರಬೇಕೆಂದು ಟಾಲ್‌ಸ್ಟಾಯ್ ಮುಂದೆ ಊಹಿಸಿದರು. ರಷ್ಯನ್ ಭಾಷೆಯಲ್ಲಿ ಇರುವೆಯ ಪದಕ್ಕೂ ಅದಕ್ಕೂ ಧ್ವನಿಸಾಮ್ಯವಿದೆ. ನಿಕೊಲಾಯ್ 1860ರಲ್ಲಿ ಕ್ಷಯರೋಗದಿಂದ ತೀರಿಕೊಂಡ. ಆದರೆ ಕೋಲಿನ ಕಥೆ ತಮ್ಮನನ್ನು ಬಿಡಲಿಲ್ಲ.

ಆ ರಹಸ್ಯ ಟಾಲ್‌ಸ್ಟಾಯ್ ಅವರ ಸ್ವಂತ ಮನೆಯಲ್ಲಿಯೇ ಕೈಗೂಡಲಿಲ್ಲವೆಂಬುದನ್ನು ಅವರ ಜೀವನ ಓದಿದವರು ಬಲ್ಲರು. 1910ರಲ್ಲಿ, 82ನೆಯ ವಯಸ್ಸಿನಲ್ಲಿ, ಒಂದು ರಾತ್ರಿ ಮನೆ ತೊರೆದು ಹೊರಟ ಅವರು ನವೆಂಬರ್ 20ರಂದು ಅಸ್ತಾಪೊವೊ ಎಂಬ ರೈಲು ನಿಲ್ದಾಣದಲ್ಲಿ ನಿಧನರಾದರು. ಚರ್ಚು 1901ರಲ್ಲಿಯೇ ಅವರನ್ನು ಬಹಿಷ್ಕರಿಸಿತ್ತು. ಪುರೋಹಿತರಿಲ್ಲದೆಯೇ, ರೈತರ ಸಮ್ಮುಖದಲ್ಲಿ, ದೇಹವು ಕೋಲಿನ ನೆಲಕ್ಕೆ ಸೇರಿತು. ಅದೇ ವರ್ಷ ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿಯವರ ಆಶ್ರಮಕ್ಕೆ ‘ಟಾಲ್‌ಸ್ಟಾಯ್ ಫಾರ್ಮ್’ ಎಂಬ ಹೆಸರು ಬಂದಿತ್ತು.

ಇತಿಹಾಸ ಈ ಕಾಡನ್ನೂ ಸುಮ್ಮನೆ ಬಿಡಲಿಲ್ಲ. 1941ರ ಕೊನೆಯಲ್ಲಿ ಜರ್ಮನ್ ಸೈನ್ಯ ಸುಮಾರು ಆರು ವಾರ ಯಾಸ್ನಾಯ ಪೋಲ್ಯಾನವನ್ನು ಹಿಡಿದಿತ್ತು. ಸತ್ತ ತನ್ನ ಸೈನಿಕರನ್ನು ಅದು ಈ ದಿಬ್ಬದ ಬಳಿಯಲ್ಲಿಯೇ ಹೂತಿತು. ಸೈನ್ಯ ಹಿಮ್ಮೆಟ್ಟಿದ ಬಳಿಕ ಆ ದೇಹಗಳನ್ನು ಅಲ್ಲಿಂದ ತೆಗೆಯಲಾಯಿತು. ಅಹಿಂಸೆಯನ್ನು ಸಾರಿದವನ ಮಗ್ಗುಲಲ್ಲಿ ಯುದ್ಧದ ಶವಗಳು ಮಲಗಿದ್ದವೆಂಬ ಸಂಗತಿಯನ್ನು ಬರಿಯ ವಿಡಂಬನೆಯೆಂದು ಬಗೆಯುವುದು ಸುಲಭ. ಆದರೆ ಬಾಲಕ ನಿಕೊಲಾಯ್‌ನ ಕಥೆಯಲ್ಲಿ ಶತ್ರುವಿಗೆ ಬೇರೆಯ ನೆಲವಿರಲಿಲ್ಲ.

ಟಾಲ್‌ಸ್ಟಾಯ್ ತಾನು ರಹಸ್ಯವನ್ನು ಕಂಡವನೆಂದು ಹೇಳಿಕೊಳ್ಳಲು ಇಲ್ಲಿ ಮಲಗಲಿಲ್ಲ. ಹುಡುಕಾಟ ಮುಗಿಯದ ಜಾಗದಲ್ಲಿ ತಾನೂ ಇರಬೇಕೆಂದು ಬಯಸಿದರು. ಕಲ್ಲು ನಿಲ್ಲಿಸಿದ್ದರೆ ಯಾತ್ರಿಕನು ಹೆಸರನ್ನು ಓದಿ ಹಿಂದಿರುಗುತ್ತಿದ್ದ. ಓದಲು ಏನೂ ಇಲ್ಲದ್ದರಿಂದ ಅವನು ಕೆಲಹೊತ್ತು ನೆಲವನ್ನೇ ನೋಡುತ್ತ ನಿಲ್ಲುತ್ತಾನೆ.